ಬೆನ್ನಿಗೆ ಗಂಟು ಏಳುವ ತನಕ

ಆವತ್ತು ಮಧ್ಯಾಹ್ನದೊಳಗೆ ನಾನು ಐದು ಮನೆಗಳಲ್ಲಿ ಬೇಡ ಅಂದು ಬಂದಿದ್ದೆ. ಒಂದರಲ್ಲಿ ಕಂಬಳಿ ಮಾರುವವನಿಗೆ, ಇನ್ನೊಂದರಲ್ಲಿ ಹೆಣ್ಣು ಕೇಳಲು ಬಂದ ಗಂಡಿನ ಕಡೆಯವರಿಗೆ, ಮತ್ತೊಂದರಲ್ಲಿ ಶ್ರಾವಣಕ್ಕೆ ಬಂದು ಆಶ್ವೀಜವಾದರೂ ಗಂಟುಮೂಟೆ ಕಟ್ಟದ ಸೋದರತ್ತೆಗೆ. ಉಳಿದೆರಡು ಮನೆಗಳಲ್ಲಿ ಯಾರಿಗೆ ಅಂದೆನೋ ನೆನಪಿಲ್ಲ. ಹೊಟ್ಟೆಯಲ್ಲಿ ಬರೀ ನೀರು. ಒಂದು ಮನೆಯ ಪರವಾಗಿ ಬೇಡ ಅನ್ನಬೇಕಾದರೆ ಆ ಮನೆಯ ಕೊಡದ ನೀರನ್ನು ಒಂದು ಗುಟುಕಾದರೂ ಕುಡಿದಿರಬೇಕು, ಇಲ್ಲದಿದ್ದರೆ ಮಾತು ತಾಗುವುದಿಲ್ಲ. ಗುಟುಕು ಅಂದರೆ ಯಾರಾದರೂ ಗುಟುಕು ಕೊಡುತ್ತಾರೆಯೇ? ತುಂಬಿದ ತಂಬಿಗೆಯನ್ನೇ ಕೈಗಿಟ್ಟು, ಪೂರ್ತಿ ಕುಡಿ, ಗಟ್ಟಿ ಆಗಲಿ ಅನ್ನುತ್ತಾರೆ. ನನ್ನ ಹೆಸರು ದುಂಡವ್ವ. ಶ್ರಾವಣದಿಂದ ಮಾರ್ಗಶಿರದ ತನಕ ನಾನು ಹೆಸರಿಗೆ ತಕ್ಕ ಹಾಗೆ ಇರುತ್ತೇನೆ.

ನಮ್ಮ ಊರಿನಲ್ಲಿ ಆ ಐದು ತಿಂಗಳು ಯಾವ ಮನೆಗೂ ಬೇಡ ಅನ್ನುವ ಬಾಯಿ ಇರುವುದಿಲ್ಲ. ಬೇಸಿಗೆ ಮುಗಿಯುವಾಗ ನೊಣ ಬರುತ್ತದೆ, ದನದ ಕಾಲಿನ ಕೂದಲಿಗೆ ಮೊಟ್ಟೆ ಅಂಟಿಸುತ್ತದೆ. ಆ ನೊಣದ ಸದ್ದಿಗೇ ದನಗಳು ಬಾಲ ಎತ್ತಿಕೊಂಡು ಊರ ತುಂಬ ಓಡುತ್ತವೆ. ಓಡಿ ಏನು ಬಂತು? ಮರಿಹುಳ ಚರ್ಮ ಕೊರೆದು ಒಳಗೆ ಇಳಿದುಬಿಡುತ್ತದೆ. ಇಳಿದ ಮೇಲೆ ತಿಂಗಳುಗಟ್ಟಲೆ ಸದ್ದಿಲ್ಲ. ಹುಳ ಒಳಗೊಳಗೇ ನಡೆಯುತ್ತಿರುತ್ತದೆ, ದನ ಮೇಯುತ್ತಿರುತ್ತದೆ, ಜ್ವರವಿಲ್ಲ, ಬಾವಿಲ್ಲ. ಆ ದನದ ಮನೆಯವರೂ ಹಾಗೆಯೇ. ಬಾಗಿಲಿಗೆ ಯಾರು ಬಂದರೂ ಬರ್ರಿ, ಏನು ಕೇಳಿದರೂ ಆಗಲಿ. ಮಾರ್ಗಶಿರದ ಚಳಿಯಲ್ಲಿ ಹುಳ ಬೆನ್ನಿಗೆ ಬಂದು ಗಂಟು ಏಳುತ್ತದೆ, ಗಂಟಿಗೆ ತೂತು ಬಿದ್ದು ಕೀವು ಸೋರುತ್ತದೆ, ದನ ನರಳುತ್ತದೆ. ಆಗ ಮನೆಗೂ ಬಾಯಿ ಬರುತ್ತದೆ. ಪಕ್ಕದ ಮನೆಯಲ್ಲಿ ಜಗಳ ಶುರುವಾದರೆ ನಮ್ಮವರು, 'ಪಾಪ, ಗಂಟು ಎದ್ದಿರಬೇಕು, ಚಲೋ ಆತು' ಅನ್ನುತ್ತಾರೆ.

ಇದಕ್ಕೆ ಊರು ಹೊಂದಿಕೊಂಡಿದೆ. ಹುಳದ ತಿಂಗಳಲ್ಲಿ ಮದುವೆ ಗೊತ್ತು ಮಾಡುವ ಹಾಗಿಲ್ಲ, ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಹಾಗಿಲ್ಲ. ಹೊರಗಿನವರೂ ಹೊಂದಿಕೊಂಡಿದ್ದಾರೆ. ಶ್ರಾವಣ ಬಂತೆಂದರೆ ನಮ್ಮೂರ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದಿಲ್ಲ. ಎಂದೂ ಮುಖ ತೋರಿಸದ ನೆಂಟರು, ಮಾರಾಟದವರು, ಚಂದಾ ಎತ್ತುವವರು, ಎಲ್ಲರಿಗೂ ಆಗಲೇ ನಮ್ಮ ಮೇಲೆ ಪ್ರೀತಿ ಉಕ್ಕುತ್ತದೆ.

ನನಗೆ ಮಾತ್ರ ವರ್ಷವಿಡೀ ಬಾಯಿ ಇರುವುದು ನಮ್ಮ ಆಕಳು ಕಂದಿಯಿಂದ. ಕಂದಿಗೆ ಹದಿನೇಳು ವರ್ಷ. ಕರುವಾಗಿದ್ದಾಗ ಅದರ ಬೆನ್ನಿಗೆ ಅರವತ್ತು ಗಂಟು ಎದ್ದಿದ್ದವು. ವರ್ಷ ಕಳೆದ ಹಾಗೆ ನಲವತ್ತಾದವು, ಆಮೇಲೆ ಹತ್ತು, ಬತ್ತುವ ಹೊತ್ತಿಗೆ ಒಂದೂ ಇಲ್ಲ. ಬತ್ತಿದ ಆಕಳನ್ನು ಎಲ್ಲರೂ ಸಂತೆಗೆ ಹೊಡೆಯುತ್ತಾರೆ, ಎಳೆಯ ಕರು ಕಟ್ಟುತ್ತಾರೆ. ನಾನು ಹೊಡೆಯಲಿಲ್ಲ. ಊರವರು ಅದನ್ನು ನನ್ನ ದೊಡ್ಡ ಗುಣ ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಸೋಮಾರಿತನ. ಸಂತೆ ಆರು ಮೈಲಿ ದೂರ.

ದನದ ಡಾಕ್ಟರು ನಾಡಗೌಡರು ಒಮ್ಮೆ ಕಂದಿಯ ಬೆನ್ನು ಸವರುತ್ತ ನನಗೆ ತಿಳಿಸಿ ಹೇಳಿದ್ದರು. "ಹುಳ ಒಳಗ ಇಳಿಯುವಾಗ ಒಂದು ರಸ ಬಿಡ್ತದ ದುಂಡವ್ವಾ. ಮೈಯಾಗ ಕಾವಲು ಇರ್ತದಲ್ಲ, ಆ ಕಾವಲಿನವರ ಕೈಯಾನ ಕೋಲು ಮುರೀತದ ಅದು. ಕಾವಲಿನವರು ನಿಂತೇ ಇರ್ತಾರ, ಹುಳ ಮುಂದ ಹಾದು ಹೋದ್ರೂ ಸುಮ್ಮನಿರ್ತಾರ. ನಿಮ್ಮ ಕಂದಿಗೆ ವರ್ಷಾ ವರ್ಷಾ ಹುಳ ಉಂಡು ಉಂಡು ಆ ರಸದ ಗುರುತು ಸಿಕ್ಕುಬಿಟ್ಟದ. ಈಗ ಹುಳ ಚರ್ಮ ದಾಟೂದ ತಡ, ಅಲ್ಲೇ ಮುಗಿಸ್ತದ."

"ಹಂಗಾರ ಇದಕ್ಕ ಸುಖ ಬಿಡ್ರಿ" ಅಂದೆ.

"ಸುಖ ಎಲ್ಲಿ? ದಿನಾ ಬಡದಾಡಬೇಕಲ್ಲ" ಅಂದರು.

ನಾಡಗೌಡರು ಹೊರಗಿನವರಾದರೂ ಗೌಡರ ಮನೆಯ ಕೋಣೆಯಲ್ಲಿ ಬಾಡಿಗೆಗೆ ಇರುತ್ತಾರೆ. ಗೌಡರ ದನಕ್ಕೆ ಹುಳ ಇಳಿದರೆ ಅವರ ಬಾಯಿಯೂ ಹೋಗುತ್ತದೆ. ಅದಕ್ಕೇ ಅವರು ಪ್ರತಿ ಶ್ರಾವಣಕ್ಕೆ ದವಾಖಾನೆಯ ಔಷಧಿ ಕಪಾಟಿಗೆ ಬೀಗ ಹಾಕಿ ಕೀಲಿಕೈಯನ್ನು ನನಗೆ ಕೊಟ್ಟು ಹೋಗುವುದು. ಕಪಾಟಿನಲ್ಲಿ ಹುಳದ ಔಷಧಿ ಇದೆ. ಕುತ್ತಿಗೆಯಿಂದ ಬಾಲದ ಬುಡದ ತನಕ ಬೆನ್ನಿನ ಮೇಲೆ ಹೊಯ್ದರೆ ಸಾಕು, ಒಳಗಿನ ಹುಳ ಸಾಯುತ್ತದೆ. ಆದರೆ ಶ್ರಾವಣ ಭಾದ್ರಪದದಲ್ಲಿ ಹೊಯ್ದರೆ ಉಪಯೋಗವಿಲ್ಲ, ನೊಣ ಇನ್ನೂ ಇರುತ್ತದೆ, ಹೊಸ ಹುಳ ಇಳಿಯುತ್ತದೆ. ಆಶ್ವೀಜ ಕಾರ್ತಿಕದಲ್ಲಿ ಹೊಯ್ಯಲೇಬಾರದು. ಆಗ ಹುಳ ಬೆನ್ನೆಲುಬಿನ ಒಳಗೆ ಇರುತ್ತದೆ. ಅಲ್ಲೇ ಸತ್ತರೆ ಸುತ್ತ ಬಾತು ದನದ ಹಿಂಗಾಲು ಬಿದ್ದುಹೋಗುತ್ತವೆ. ಇದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಬಂದು ಕೇಳುತ್ತಾರೆ. ಯಾಕೆಂದರೆ ಹುಳ ಸತ್ತರೆ ಮನೆಗೆ ಬಾಯಿ ಬರುತ್ತದೆ. ನಾನು ಬೇಡ ಅನ್ನುತ್ತೇನೆ. ಕೀಲಿಕೈ ನಮ್ಮ ಪಡಸಾಲೆಯ ಗೂಟಕ್ಕೆ ನೇತಾಡುತ್ತಿರುತ್ತದೆ.

ಆವತ್ತು ಐದು ಮನೆ ಮುಗಿಸಿ ಬಂದು ಪಡಸಾಲೆಯಲ್ಲಿ ಕಾಲು ಚಾಚಿ ಮಲಗಿದ್ದೆ. ಪಕ್ಕದ ಮನೆಯ ಬಾಳವ್ವ ಬಂದಳು. ನಮ್ಮ ಎರಡು ಮನೆಗೂ ನಡುವೆ ಒಂದೇ ಗೋಡೆ. ಆರು ವರ್ಷದ ಹಿಂದೆ ಅವಳ ಗಂಡ ಈರಗೊಂಡ ಅವಳ ಎಡಗೈ ಮಣಿಕಟ್ಟು ತಿರುವಿ ಮುರಿದ ಸದ್ದು ಈ ಗೋಡೆ ದಾಟಿಯೇ ನನಗೆ ಕೇಳಿಸಿತ್ತು. ಆ ವಾರವೇ ಅವನು ಊರು ಬಿಟ್ಟು ಹೋದ. ಮುರಿದ ಕೈ ಸೊಟ್ಟಗೆ ಕೂಡಿಕೊಂಡಿತು. ಆ ಕೈಯಲ್ಲೇ ಅವಳು ಮಗಳನ್ನು ಸಾಕಿದಳು, ಚಿಗರಿ ಎಂಬ ಕರುವನ್ನು ಆಕಳು ಮಾಡಿದಳು. ಈ ಸಲ ಶ್ರಾವಣದ ಮೂರನೆಯ ದಿನ ಈರಗೊಂಡ ಬಸ್ಸಿಳಿದು ಬಂದು ಬಾಗಿಲಲ್ಲಿ ನಿಂತ. ಬಾಳವ್ವ ಬರ್ರಿ ಅಂದಳು. ಬೇರೆ ಏನು ಅಂದಾಳು?

"ದುಂಡಕ್ಕಾ, ನಮ್ಮನಿ ನೀರು ಒಂದ್ ಗುಟುಕು ಕುಡಿ ಬಾ" ಅಂದಳು ಬಾಳವ್ವ, ಹೊಸ್ತಿಲ ಹೊರಗೇ ನಿಂತು.

"ಯಾರಿಗೆ ಅನ್ನಬೇಕವಾ? ಗಂಡಗ?"

"ಹೂಂ."

"ಈಗೇನ್ ಹೊಡ್ಯಾಕತ್ತಾನೇನು?"

"ಇಲ್ಲ. ಅದಕ್ಕ ಅಂಜಿಕಿ ನನಗ."

ನನಗೆ ಎದ್ದು ಕೂರುವುದಕ್ಕೂ ಮನಸ್ಸಿರಲಿಲ್ಲ. ಮಲಗಿದಲ್ಲಿಂದಲೇ, "ಹೊಡ್ಯಾಂಗಿಲ್ಲ ಅಂದ್ರ ಅಂಜಿಕಿ ಎದಕ್ಕ?" ಅಂದೆ.

ಅವಳು ಸೊಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಳು. "ನೀರು ತರ್ತಾನ. ಚಿಗರಿ ಮೈ ತಿಕ್ತಾನ. ಹುಡುಗಿಗೆ ಹೆರಳು ಹಾಕೂದು ಕಲ್ತಾನ. ನಿನ್ನಿ ಅಕಿ ಅಪ್ಪಾ ಅಂದ್ಲು. ಮುಂಜಾನೆ ಅಂವ ಎದ್ದ ಸಪ್ಪಳ ಕೇಳಿದ್ರ ನನ್ನ ಜೀವಕ್ಕೂ ಹಗುರ ಆಕ್ಕೈತಿ. ಇನ್ನೆರಡು ತಿಂಗಳು ಹಿಂಗ ಹ್ವಾದ್ರ, ಗಂಟು ಎದ್ದು ನನಗ ಬಾಯಿ ಬಂದಾಗ, ಬ್ಯಾಡ ಅನ್ನೂ ಮನಸ್ಸು ಇರಾಂಗಿಲ್ಲಕ್ಕಾ. ಮನಸ್ಸು ಈಗ ಐತಿ. ಈಗ ಅನ್ನು."

"ಮನಸ್ಸು ಬದಲಾದ್ರ ಆಗಲೇಳು. ಮನಶ್ಯಾನೂ ಬದಲಾಗಿರಬೇಕು."

"ಅಂವ ಎಂಥಾಂವ ಅಂತ ನನಗ ಗೊತ್ತೈತಿ. ಮದುವ್ಯಾದ ಹೊಸದಾಗೂ ಹಿಂಗ ಇದ್ದ, ನಾಕ ತಿಂಗಳು."

ನಾನು ಹೋಗಬೇಕಿತ್ತು. ಎದ್ದರೆ ಹತ್ತು ಹೆಜ್ಜೆ. ಆದರೆ ಹೊಟ್ಟೆಯಲ್ಲಿ ಐದು ಮನೆಯ ನೀರು, ತಲೆಯಲ್ಲಿ ಐದು ಮನೆಯ ಶಾಪ. ಬೇಡ ಅನ್ನಿಸಿಕೊಂಡು ಹೋಗುವವರು ಮನೆಯವರನ್ನು ಬೈಯುವುದಿಲ್ಲ, ನನ್ನನ್ನು ಬೈಯುತ್ತಾರೆ. ಆ ಸೋದರತ್ತೆ ನನ್ನ ವಂಶ ನಿರ್ವಂಶವಾಗಲಿ ಅಂದಿದ್ದಳು, ನನಗೆ ಮಕ್ಕಳಿಲ್ಲವೆಂದು ಗೊತ್ತಿದ್ದೂ. ಇನ್ನೂ ಒಂದು ಮಾತಿದೆ, ಹೇಳಿಬಿಡುತ್ತೇನೆ. ಹಿಂದಿನ ವಾರ ಈರಗೊಂಡ ತಾನಾಗಿಯೇ ಬಂದು ನಮ್ಮ ಕೊಟ್ಟಿಗೆಯ ಮುರಿದ ಗೋದಲಿ ಸರಿ ಮಾಡಿಕೊಟ್ಟಿದ್ದ. ಚಹಾ ಮಾಡಲು ಏಳಹೋದರೆ, ಅಕ್ಕಾ ನೀ ದಣದಿ, ಮಲಕ್ಕೋ ಅಂದಿದ್ದ. ಎಷ್ಟೋ ವರ್ಷದಿಂದ ಯಾರೂ ನನಗೆ ನೀ ದಣದಿ ಅಂದಿರಲಿಲ್ಲ. ಹುಳ ತಾಗದಿರುವುದು ಕಂದಿಗೆ, ನನಗೆ ತಾಗುತ್ತದೆ ಎಂಬುದು ಆಗ ಹೊಳೆಯಲಿಲ್ಲ.

"ಗಂಟು ಏಳೂತನಾ ತಡಿ ಬಾಳವ್ವಾ" ಅಂದೆ. "ಇವತ್ತ ನನ್ನ ಕಡೆ ಆಗೂದಿಲ್ಲ. ಗಂಡ ಹೆಂಡ್ತಿ ನಡುವ ನನ್ನ ಎಳೀಬ್ಯಾಡ." ಅಂದು ಕಣ್ಣು ಮುಚ್ಚಿಕೊಂಡೆ.

ಅವಳು ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಬಂದ ಹೆಜ್ಜೆಯ ಸದ್ದು, ಗೂಟದಿಂದ ಕೀಲಿಕೈ ಇಳಿಸಿದ ಸದ್ದು. ನನಗೆ ನಿದ್ದೆ ಬಂದಿರಲಿಲ್ಲ. ಊರಿಗೆಲ್ಲ ಬೇಡ ಬೇಡ ಅಂದು ಬಂದವಳು, ಅನ್ನಲೇಬೇಕಾದ ಒಂದೇ ಒಂದು ಕಡೆ ಉಸಿರು ನಿಧಾನ ಮಾಡಿ ಮಲಗಿದೆ. ಅಂದಿದ್ದರೆ ಎದ್ದು ಕೂರಬೇಕಿತ್ತು, ಮತ್ತೆ ಮಾತಿಗೆ ಮಾತು, ಮತ್ತೆ ಅಳು. ಒಂದು ಸಲವಾದರೂ ಯಾರೋ ಬೇರೆಯವರು ನೋಡಿಕೊಳ್ಳಲಿ ಅನ್ನಿಸಿತು. ಸಂಜೆ ಎದ್ದು ನೋಡಿದಾಗ ಕೀಲಿಕೈ ಗೂಟದಲ್ಲೇ ಇತ್ತು, ಅವಳು ತಂದು ನೇತುಹಾಕಿದ್ದಳು.

ಮರುದಿನವೆಲ್ಲ ಗೋಡೆಯ ಆಚೆಗೆ ಏನೂ ಕೇಳಿಸಲಿಲ್ಲ. ಅದರ ಮರುದಿನ ಬೆಳಿಗ್ಗೆ ನಾನು ಕಂದಿಗೆ ಹಿಂಡಿ ಕಲಸುತ್ತಿದ್ದಾಗ ಬಾಳವ್ವನ ದನಿ ಕೇಳಿಸಿತು. "ಹೊರಗ ನಡಿ." ಕೂಗಿದ್ದಲ್ಲ, ಅಳುತ್ತ ಅಂದದ್ದೂ ಅಲ್ಲ. ನೀರು ತಾ, ಕಸ ಹೊಡಿ ಅನ್ನುವ ಹಾಗೆ. ಓಣಿಯವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಗೆ ಬಂದರು. ಆಶ್ವೀಜದಲ್ಲಿ, ನಾನಿಲ್ಲದೆ, ಒಂದು ಮನೆ ಬೇಡ ಅಂದದ್ದನ್ನು ಅವರು ಕೇಳಿರಲಿಲ್ಲ. ಎದುರುಮನೆಯ ಮುದುಕ ನನ್ನನ್ನು ನೋಡಿ, ಅವಳ ಬಾಗಿಲನ್ನು ನೋಡಿ, ಮತ್ತೆ ನನ್ನನ್ನು ನೋಡಿದ.

ನಾನು ಹೋದಾಗ ಈರಗೊಂಡ ಅಂಗಳದಲ್ಲಿ ಚೀಲ ಹಿಡಿದು ನಿಂತಿದ್ದ. ಚಿಗರಿ ಅಂಗಳದ ನಡುವೆ ಮುಂಗಾಲು ಊರಿ ಏಳಲು ನೋಡುತ್ತಿತ್ತು. ಹಿಂಭಾಗ ನೆಲಕ್ಕೆ ಅಂಟಿದ ಹಾಗೆ ಬಿದ್ದಿತ್ತು. ಎದ್ದೇಳು ಎದ್ದೇಳು ಎಂದು ಮಗಳು ಅದರ ಕೊರಳು ಜಗ್ಗುತ್ತಿದ್ದಳು. ಈರಗೊಂಡ ಆಕಳನ್ನು ನೋಡಿದ, ಆಮೇಲೆ ಚೀಲವನ್ನು ಮೆಲ್ಲಗೆ ಕೆಳಗಿಟ್ಟ.

"ಆಕಳ ಬಿದ್ದೈತಿ ಬಾಳೀ. ಮಗ್ಗಲಾ ಹೊಳ್ಳಿಸಿ ಹಾಕಾಕ ಒಬ್ಬ ಗಂಡಸು ಬೇಕು. ಅದು ಏಳೂತನಾ ಇರ್ತೀನಿ, ಆಮ್ಯಾಲ ಹೊಕ್ಕೀನಿ" ಅಂದ. ಎಷ್ಟು ಮೆತ್ತಗೆ ಅಂದನೆಂದರೆ, ನನಗೇ ಹೌದಲ್ಲ ಅನ್ನಿಸಿತು.

ಬಾಳವ್ವ ಚಿಗರಿಯನ್ನು ನೋಡಿದಳು. ಅದು ತನ್ನದೇ ಕೈಯ ಕೆಲಸವೆಂದು ಅವಳಿಗೆ ಗೊತ್ತಿತ್ತು. ಹೇಗೆ ಏಳಿಸುವುದು, ಯಾರು ಹೊಳ್ಳಿಸುವುದು ಎಂದು ಗೊತ್ತಿರಲಿಲ್ಲ.

"ಬ್ಯಾಡ" ಅಂದಳು.

"ನೋಡು, ಮಗಳು ಅಳಾಕತ್ತೈತಿ."

"ಬ್ಯಾಡ."

ಅವನ ಮುಖ ಬದಲಾಯಿತು. ಒಂದು ಕ್ಷಣ, ಆರು ವರ್ಷದ ಹಿಂದಿನ ಮುಖ. ಕೈ ಮೇಲೆದ್ದಿತು. ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಕೈ ಹಾಗೇ ಇಳಿದು ಚೀಲ ಎತ್ತಿಕೊಂಡಿತು. ಹೋಗುವಾಗ ನನ್ನ ಪಕ್ಕದಲ್ಲೇ ಹಾದು ಹೋದ, ನನ್ನನ್ನು ಬೈಯಲಿಲ್ಲ. ಬೈಯುವ ಕಾರಣವಿರಲಿಲ್ಲ. ಈ ಬೇಡದಲ್ಲಿ ನನ್ನ ಪಾಲು ಏನೂ ಇರಲಿಲ್ಲ.

ನಾಡಗೌಡರು ಓಡಿ ಬಂದರು. ಚಿಗರಿಯ ಬೆನ್ನೆಲುಬಿನ ಉದ್ದಕ್ಕೂ ಬೆರಳೊತ್ತುತ್ತ ಹೋದರು, ಹಿಂಗಾಲಿನ ಗೊರಸಿನ ನಡುವೆ ಸೂಜಿ ಚುಚ್ಚಿ ನೋಡಿದರು. ಕಾಲು ಸ್ವಲ್ಪ ಅಲುಗಿತು. ಬಾವು ಇಳಿಯುವ ಇಂಜೆಕ್ಷನ್ ಕೊಟ್ಟು ಕೈ ಒರೆಸಿಕೊಳ್ಳುತ್ತ, "ಕೀಲಿಕೈ ಯಾರು ಕೊಟ್ಟರು?" ಅಂದರು.

"ನಾನ ತಗೊಂಡೆ. ದುಂಡಕ್ಕ ಮಲಗಿದ್ಲು" ಅಂದಳು ಬಾಳವ್ವ.

ಡಾಕ್ಟರು ನನ್ನ ಕಡೆ ನೋಡಿದರು. "ನಿದ್ದಿ ಹತ್ತಿತ್ತರಿ" ಅಂದೆ. ಅವರು ಹೂಂ ಅಂದರು. ಆ ತಿಂಗಳಲ್ಲಿ ಅವರಿಗೆ ಯಾವ ಮಾತನ್ನೂ ಅಲ್ಲ ಅನ್ನಲು ಬರುವುದಿಲ್ಲ, ನಾನು ಅದರ ಲಾಭ ಪಡೆದೆ. ಇಷ್ಟು ವರ್ಷ ಬೇರೆಯವರಿಗೆ ಆ ಲಾಭ ತಪ್ಪಿಸುವುದೇ ನನ್ನ ಕೆಲಸವಾಗಿತ್ತು. ನಾಚಿಕೆಯಾಯಿತು.

ಆಮೇಲೆ ಹನ್ನೊಂದು ದಿನ ನಾನು ಆ ಅಂಗಳ ಬಿಟ್ಟು ಕದಲಲಿಲ್ಲ. ಬಿದ್ದ ದನವನ್ನು ಒಂದೇ ಮಗ್ಗುಲಿಗೆ ಬಿಟ್ಟರೆ ಮೈ ಹುಣ್ಣಾಗುತ್ತದೆ. ಮೂರು ತಾಸಿಗೊಮ್ಮೆ ಹೊಳ್ಳಿಸಿ ಹಾಕಬೇಕು. ದಪ್ಪಗೆ ಹುಲ್ಲು ಹಾಸಿ, ಹೊಟ್ಟೆಯ ಕೆಳಗೆ ಗೋಣಿತಟ್ಟು ತೂರಿಸಿ, ನಾನೊಂದು ಕಡೆ ಬಾಳವ್ವ ಒಂದು ಕಡೆ ಎತ್ತುತ್ತಿದ್ದೆವು. ಸೊಟ್ಟ ಕೈಗೆ ಹಿಡಿತ ಸಾಲದು, ಅವಳು ತಟ್ಟಿನ ತುದಿಯನ್ನು ಮೊಣಕೈಗೆ ಸುತ್ತಿಕೊಂಡು ಜಗ್ಗುತ್ತಿದ್ದಳು. ಕಾಲಿಗೆ ಬೇವಿನೆಣ್ಣೆ ಹಚ್ಚಿ ತಿಕ್ಕುವುದು, ಸಗಣಿ ಬಾಚುವುದು, ಬಾಯಿಗೆ ಗಂಜಿ ಹಿಡಿಯುವುದು. ಹೊಳ್ಳಿಸಲು ಓಣಿಯವರನ್ನು ಕರೆದರೆ ಬರುತ್ತಿದ್ದರು, ಯಾರಿಗೂ ಬರುವುದಿಲ್ಲ ಅನ್ನುವ ಬಾಯಿ ಇರಲಿಲ್ಲ. ಅದಕ್ಕೇ ಬಾಳವ್ವ ಕರೆಯಲಿಲ್ಲ. ಬಾಯಿ ಇದ್ದೂ ಬಂದವಳು ನಾನೊಬ್ಬಳೇ, ಆದರೆ ಅವಳು ಅದನ್ನು ದೊಡ್ಡದಾಗಿ ಎಣಿಸಿದ ಹಾಗೆ ಕಾಣಲಿಲ್ಲ. ಕೀಲಿಕೈಯ ಮಾತು ಇಬ್ಬರೂ ಎತ್ತಲಿಲ್ಲ. ಊರಿನ ನೆಂಟರೆಲ್ಲ ಆ ಹನ್ನೊಂದು ದಿನ ಸುಖವಾಗಿ ಉಂಡರು.

ಹನ್ನೆರಡನೆಯ ಬೆಳಿಗ್ಗೆ ಚಿಗರಿ ತಾನಾಗಿಯೇ ಎದ್ದು ನಿಂತಿತು. ಬಲ ಹಿಂಗಾಲು ಎಳೆಯುತ್ತಿತ್ತು. ನಾಡಗೌಡರು ನೋಡಿ, ಇಷ್ಟೇ, ಇದು ಇನ್ನು ಹೀಗೇ, ಹಾಲಿಗೇನೂ ತೊಂದರೆಯಿಲ್ಲ ಅಂದರು. ಮಗಳು ಕುಣಿದಳು. ಬಾಳವ್ವ ಆಕಳ ಕೊರಳಿಗೆ ಹಣೆ ಹಚ್ಚಿ ಬಹಳ ಹೊತ್ತು ಅತ್ತಳು.

ಆ ದಿನವೇ ನಾನು ಒಂದು ತೀರ್ಮಾನ ಮಾಡಿದೆ. ಮುಸ್ಸಂಜೆಯ ಹೊತ್ತಿಗೆ ಕಂದಿಯ ಹಗ್ಗ ಬಿಚ್ಚಿ, ಅದರ ಹಣೆಗೆ ಕುಂಕುಮ ಹಚ್ಚಿ, ಬಾಳವ್ವನ ಅಂಗಳಕ್ಕೆ ಹೊಡೆದುಕೊಂಡು ಹೋದೆ. ಹದಿನೇಳು ವರ್ಷ ಕಟ್ಟಿದ ಆಕಳು. ಹೊಸ್ತಿಲ ಹೊರಗೆ ಕಾಲಿಡುವಾಗ ನನಗೆ ಅಳು ಬಂತು, ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂದು ಹೆಮ್ಮೆಯೂ ಆಯಿತು.

"ಇಕೋ ಬಾಳವ್ವಾ, ಇವತ್ತಿಂದ ಕಂದಿ ನಿಂದು" ಅಂದೆ. "ಮುಂದಿನ ಶ್ರಾವಣಕ್ಕ ಅಂವ ಮತ್ತ ಬಸ್ ಇಳದು ಬಂದ್ರ ನಿನಗ ಬಾಯಿ ಇರಬೇಕು. ನನ್ನ ಕೊಟ್ಟಿಗಿಗೆ ಚಿಗರಿ ಕೊಡು, ಕುಂಟಾದ್ರೂ ನಡೀತೈತಿ. ನನ್ನ ಮನಿಗೆ ಯಾರು ಬರೋರದಾರ? ಬಂದ್ರ ಬರಲಿ."

ಬಾಳವ್ವ ಕಂದಿಯ ಗಂಗೆದೊಗಲು ಸವರಿದಳು. ಕಂದಿ ಕತ್ತು ನೀಡಿತು. ಆಮೇಲೆ ನನ್ನನ್ನು ನೋಡಿದಳು.

"ದುಂಡಕ್ಕಾ, ನೀ ಅವತ್ತ ಎಚ್ಚರ ಇದ್ದಿ."

ನಾನು ಕಂದಿಯ ಹಗ್ಗವನ್ನು ಕೈಗೆ ಸುತ್ತಿಕೊಂಡೆ.

"ಬ್ಯಾಡ ಅಂತಿ ಅಂತ ನಿಂತಿದ್ದೆ. ಅಂದಿದ್ರ ತಗೋತಿದ್ದಿಲ್ಲ. ನಿನ್ನ ರೆಪ್ಪಿ ಅಲಗಾಕತ್ತಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಈಗ ಇದನ್ನ ತಂದಿ. ಇದು ಬಂದ್ರ ಊರ ಮಂದಿ ನಾಳಿ ಮುಂಜಾನಿಗೆ ನನ್ನ ಬಾಗಲಾಗ ಇರ್ತಾರ, ತಂಬಿಗಿ ಹಿಡಕೊಂಡು. ಖರೇ ಹೇಳು. ನೀ ನನಗ ಕೊಡಾಕ ಬಂದಿಯೋ, ನಿನ್ನ ಹೊರಿ ಇಳಸಾಕ ಬಂದಿಯೋ?"

"ಎರಡೂ" ಅಂದೆ. ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

"ಬ್ಯಾಡಕ್ಕಾ. ನನಗ ನನ್ನ ಮನಿ ಪೂರ್ತೇಕ ಬಾಯಿ ಇದ್ರ ಸಾಕು. ಚಿಗರಿ ನನ್ನ ಆಕಳು, ನಾ ಕೆಡಿವೀನಿ, ನಾ ಎಬ್ಬಸೀನಿ. ವರ್ಷಾ ವರ್ಷಾ ಇದಕ್ಕೂ ಗುರುತು ಸಿಕ್ಕೀತು. ಅಲ್ಲೀತನಾ ಅಂವ ಬಂದ್ರ, ನಿನ್ನ ಕರೀತೀನಿ. ಆಗ ಮಲಗಬ್ಯಾಡ."

ಬೇಡ. ಸಾವಿರ ಸಲ ನಾನು ಅಂದ ಮಾತು ಅದು. ಎಂದೂ ಯಾರೂ ನನಗೆ ಅಂದಿರಲಿಲ್ಲ, ನಾನು ಯಾರ ಬಾಗಿಲಿಗೂ ಏನನ್ನೂ ಹಿಡಿದು ಹೋದವಳಲ್ಲ. ಹೇಳುವವರಿಗಿಂತ ಕೇಳಿಸಿಕೊಳ್ಳುವವರಿಗೆ ಅದು ಎಷ್ಟು ಚಿಕ್ಕ ಮಾತು ಎಂದು ಗೊತ್ತಾಯಿತು. ಒಂದೇ ಮಾತು, ಆಮೇಲೆ ಬಂದ ದಾರಿಯನ್ನೇ ಹಿಡಿಯಬೇಕು. ನಾನು ಕಂದಿಯ ಹಗ್ಗ ಹಿಡಿದು ಅದನ್ನು ತಿರುಗಿಸಿದೆ. ಮುದಿ ಆಕಳು, ತಿರುಗಲು ಅದಕ್ಕೆ ಜಾಗವೂ ಬೇಕು, ಹೊತ್ತೂ ಬೇಕು. ಬಾಳವ್ವ ಅಷ್ಟು ಹೊತ್ತೂ ಬಾಗಿಲಲ್ಲೇ ನಿಂತಿದ್ದಳು.

ನಮ್ಮ ಮನೆಯ ಕಟ್ಟೆಯ ಮೇಲೆ ಕೆಳಗಿನ ಓಣಿಯ ಹೆಂಗಸೊಬ್ಬಳು ಕೂತಿದ್ದಳು. ನನ್ನನ್ನು ಕಂಡು ಎದ್ದಳು. "ದುಂಡಕ್ಕಾ, ಹನ್ನೊಂದ ದಿನ ಆತು ನಿನ್ನ ದಾರಿ ಕಾಯಾಕತ್ತು. ನಮ್ಮನ್ಯಾಗ ಒಬ್ರು ಬಂದು ಕುಂತಾರ. ದಣದಿದ್ರ ನಾಳಿ ಬಾ."

ಕಂದಿಯನ್ನು ಗೂಟಕ್ಕೆ ಕಟ್ಟಿದೆ. ಮೈಯೆಲ್ಲ ನೋಯುತ್ತಿತ್ತು. "ಈಗ ನಡಿ" ಅಂದೆ.